ಹಳೇ ಚಾಟ್ ಓದೋಕೆ ಕೂತ ಭಾನುವಾರ

ನಂಗೀಗ ನಲವತ್ತು ಹತ್ರ ಬಂತು, ಮದುವೆ ಆಗಿಲ್ಲ. ಯಾಕೆ ಅಂತ ಕೇಳೋರಿಗೆ ಕೊಡೋಕೆ ಒಂದು ರೆಡಿಮೇಡ್ ಉತ್ತರ ಇಟ್ಕೊಂಡಿದ್ದೆ, "ಸರಿಯಾದೋರು ಸಿಕ್ಕಿಲ್ಲ" ಅಂತ. ಇದಕ್ಕೆ ಯಾರೂ ಎದುರು ಮಾತಾಡಲ್ಲ, ಪಾಪ ಅನ್ನೋ ಥರ ಮುಖ ಮಾಡಿ ವಿಷಯ ಬದಲಾಯಿಸ್ತಾರೆ. ಆದ್ರೆ ಡೇಟಿಂಗ್ ಆ್ಯಪಲ್ಲಿ ಪರಿಚಯ ಆದ ಒಬ್ರು ಮೊನ್ನೆ ಫೋನಲ್ಲಿ ಮಾತಾಡ್ತಾ ಹಂಗೆ ಬಿಡ್ಲಿಲ್ಲ. "ಸಿಗದೇ ಇರೋರ ವಿಷಯ ಬಿಡಿ, ಸಿಕ್ಕಿದೋರ ಜೊತೆ ಏನಾಯ್ತು ಹೇಳಿ" ಅಂದ್ರು. ಹೇಳೋಕೆ ಶುರು ಮಾಡ್ದೆ, ಸ್ವಲ್ಪ ಹೊತ್ತಾದ್ಮೇಲೆ ನಂಗೇ ಅನ್ನಿಸ್ತು, ನಾನು ಹೇಳ್ತಿರೋದು ನಡೆದ ವಿಷಯ ಅಲ್ಲ, ಫ್ರೆಂಡ್ಸ್ ಮುಂದೆ ಹೇಳಿ ಹೇಳಿ ನುಣುಪಾಗಿರೋ ಕಥೆ ಅಂತ. ಸ್ವಲ್ಪ ಟೈಮ್ ಕೊಡಿ, ಸರಿಯಾಗಿ ಹೇಳ್ತೀನಿ ಅಂದೆ. "ಇದೇನ್ ಎಕ್ಸಾಮಾ?" ಅಂತ ನಕ್ಕರು, ಆದ್ರೆ ಟೈಮ್ ಕೊಟ್ರು.

ಹಂಗಾಗಿ ಒಂದು ಭಾನುವಾರ ಬೆಳಗ್ಗೆ ಹಳೇ ಮೇಲ್, ಹಳೇ ಚಾಟ್ ಬ್ಯಾಕಪ್ ಎಲ್ಲಾ ತೆಗೆದು ಕೂತೆ. ಹಳೇದನ್ನ ಕೆದಕಬಾರದು ಅಂತ ಬುದ್ಧಿ ಹೇಳೋರು ಬೇಕಾದಷ್ಟು ಜನ ಇದಾರೆ, ರಾತ್ರಿ ನಿದ್ದೆ ಬರದೇ ಇದ್ದಾಗ ಹಾಸಿಗೆ ಮೇಲೆ ಮಲಗಿ ಓದೋದಾದ್ರೆ ಅವರು ಹೇಳೋದು ನೂರಕ್ಕೆ ನೂರು ಸರಿ, ಆಗ ಓದೋದು ಅಳೋಕೆ. ಬೆಳಕಲ್ಲಿ ಟೇಬಲ್ ಮುಂದೆ ಕೂತು ಪೆನ್ನು ಹಿಡ್ಕೊಂಡು ಓದೋದು ಬೇರೆ ಕೆಲಸ.

ಮೊದಲನೇ ಪ್ರೀತಿ ಕಾಲೇಜಿನ ಕಾಲದ್ದು, ಆಗ ನಮ್ಮಿಬ್ರ ಮಧ್ಯೆ ಚಾಟ್ ಗೀಟ್ ಏನೂ ಇರ್ಲಿಲ್ಲ, ಇದ್ದಿದ್ದು ನಾಲ್ಕಾರು ಮೇಲು. ಅವಳಿಗೀಗ ಮದುವೆ ಆಗಿ ಮಗ ಸ್ಕೂಲಿಗೆ ಹೋಗ್ತಾನೆ, ನಮ್ಮಿಬ್ರಿಗೂ ಯಾವ ಜಗಳಾನೂ ಇಲ್ಲ, ಹುಟ್ಟಿದ ಹಬ್ಬಕ್ಕೆ ವಿಶ್ ಮಾಡ್ತೀವಿ. ಮೇಲ್ ಸಾಕಾಗ್ಲಿಲ್ಲ ಅಂತ ಫೋನೇ ಮಾಡ್ದೆ. ನನ್ನ ನೆನಪಲ್ಲಿ ಆ ಕೊನೇ ದಿನ ಅಂದ್ರೆ ಬಸ್ ಸ್ಟಾಪು, ಜೋರು ಮಳೆ, ಅವಳು ತಿರುಗಿ ನೋಡ್ದೇ ಬಸ್ ಹತ್ತಿದ್ದು. ಅದನ್ನ ಹೇಳ್ದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ ಜೋರು ನಗು. "ಯಾವ ಮಳೆನೋ? ನಾವು ಬಿಟ್ಟಿದ್ದು ಫೋನಲ್ಲಿ ಕಣೋ, ಪರೀಕ್ಷೆ ಮುಗಿದ ಮೇಲೆ. ಬಸ್ ಸ್ಟಾಪಿಂದು ಅದಕ್ಕಿಂತ ಒಂದು ವರ್ಷ ಹಿಂದೆ, ಅವತ್ತು ನೀನೇ ಮಾತು ಬಿಟ್ಟಿದ್ದೆ!" ಯಾರ ನೆನಪು ಸರಿ ಅಂತ ತೀರ್ಮಾನ ಮಾಡೋಕೆ ಮೂರನೇ ಸಾಕ್ಷಿ ಇಲ್ಲ, ಆದ್ರೆ ಮೇಲ್‌ಗಳ ತಾರೀಖು ನೋಡಿದ್ರೆ ಅವಳ ಕಡೆಗೇ ವಾಲುತ್ತೆ.

ಎಲಿಜಬೆತ್ ಲಾಫ್ಟಸ್ ಅನ್ನೋ ಮನಃಶಾಸ್ತ್ರಜ್ಞೆ 1974ರಲ್ಲಿ ಪಾಮರ್ ಅನ್ನೋರ ಜೊತೆ ಸೇರಿ ಮಾಡಿದ ಒಂದು ಪ್ರಯೋಗದ ಬಗ್ಗೆ ಹಿಂದೆ ಯಾವಾಗ್ಲೋ ಓದಿದ್ದೆ. ಕಾರ್ ಆಕ್ಸಿಡೆಂಟ್‌ನ ವಿಡಿಯೋ ತೋರಿಸಿ ಕೆಲವರಿಗೆ ಕಾರುಗಳು ಗುದ್ದಿದಾಗ ಸ್ಪೀಡ್ ಎಷ್ಟಿತ್ತು ಅಂತ ಕೇಳಿದ್ರಂತೆ, ಇನ್ನು ಕೆಲವರಿಗೆ ಅಪ್ಪಳಿಸಿ ಪುಡಿಪುಡಿ ಆದಾಗ ಎಷ್ಟಿತ್ತು ಅನ್ನೋ ಥರ ಕೇಳಿದ್ರಂತೆ. ಒಂದು ವಾರ ಬಿಟ್ಟು ಒಡೆದ ಗಾಜು ನೋಡಿದ್ರಾ ಅಂದ್ರೆ, ಆ ಜೋರು ಪದ ಕೇಳಿಸ್ಕೊಂಡೋರಲ್ಲಿ ಉಳಿದೋರಿಗಿಂತ ಹೆಚ್ಚು ಜನ ಹೌದು ಅಂದ್ರು. ವಿಡಿಯೋದಲ್ಲಿ ಒಡೆದ ಗಾಜೇ ಇರ್ಲಿಲ್ಲ. ನನ್ನ ಮಳೆನೂ ಅದೇ ಜಾತಿದು ಅಂತ ಕಾಣುತ್ತೆ. ಇಷ್ಟು ವರ್ಷ ನನ್ನನ್ನ ಬಿಟ್ಟು ಹೋದ್ಲು, ತಿರುಗಿ ಕೂಡ ನೋಡ್ಲಿಲ್ಲ ಅಂತಾನೇ ಹೇಳ್ಕೊಂಡು ಬಂದಿದೀನಿ, ಆ ಮಾತಿಗೆ ತಕ್ಕ ಹಾಗೆ ಮಳೆ ತಾನಾಗೇ ಬಂದಿರಬೇಕು.

ಎರಡನೇದು ಆಫೀಸಲ್ಲಿ ಶುರುವಾಗಿದ್ದು, ಎಲ್ಲಕ್ಕಿಂತ ಜಾಸ್ತಿ ಕಾಲ ನಡೆದಿದ್ದು. ಇದರ ಅಧಿಕೃತ ಕಥೆ ಏನು ಅಂದ್ರೆ ಅವಳಿಗೆ ಬೇರೆ ಊರಲ್ಲಿ ಕೆಲಸ ಸಿಕ್ತು, ದೂರ ಆಯ್ತು, ಮುರೀತು. ಕೇಳೋಕೆ ಚೆನ್ನಾಗಿದೆ, ಯಾರ ತಪ್ಪೂ ಇಲ್ಲ. ಚಾಟ್ ಓದ್ತಾ ಹೋದ್ರೆ ಅವಳು ಊರು ಬಿಡೋಕೆ ಎಷ್ಟೋ ತಿಂಗಳು ಮುಂಚೇನೇ ಎಲ್ಲಾ ಒಣಗಿ ಹೋಗಿದೆ. ಒಂದು ಕಡೆ ಅವಳು ಯಾರದೋ ಸ್ಕೂಟರ್ ಸೀಟ್ ಮೇಲೆ ಕಾಲು ಮೇಲೆ ಮಾಡ್ಕೊಂಡು ಮಲಗಿರೋ ಬೆಕ್ಕಿನ ಫೋಟೋ ಕಳಿಸಿದಾಳೆ, "ನೋಡು ನಿನ್ ಥರಾನೇ" ಅಂತ. ಅದಕ್ಕೆ ನನ್ನಿಂದ ಒಂದು ಹೆಬ್ಬೆಟ್ಟು. ಅದೇ ವಾರ ನಾನು ಟೀಮ್ ಮೀಟಿಂಗಲ್ಲಿ ನಡೆದ ಒಂದು ತಮಾಷೆನ ಉದ್ದಕ್ಕೆ ಬರೆದಿದೀನಿ, ಅದಕ್ಕೆ ಅವಳಿಂದ "ಓಕೆ, ಕರೆಂಟ್ ಬಿಲ್ ಕಟ್ಟಿದ್ಯಾ". ಒಂದೇ ಒಂದು ಜಗಳ ಇಲ್ಲ, ಬೈಗುಳ ಇಲ್ಲ. ಓದ್ತಾ ಓದ್ತಾ ಇದ್ರಲ್ಲಿ ಜಗಳನಾದ್ರೂ ಇದ್ದಿದ್ರೆ ವಾಸಿ ಇತ್ತು ಅನ್ನಿಸ್ಬಿಡ್ತು.

ಜಾನ್ ಗಾಟ್‌ಮನ್ ಅಂತ ಅಮೆರಿಕದ ಒಬ್ರು, ಗಂಡ ಹೆಂಡತಿ ಹೆಂಗೆ ಮಾತಾಡ್ತಾರೆ ಅಂತ ಕೂರಿಸ್ಕೊಂಡು ನೋಡೋದನ್ನೇ ವೃತ್ತಿ ಮಾಡ್ಕೊಂಡಿದ್ದೋರು, ಹೊಸದಾಗಿ ಮದುವೆ ಆದೋರನ್ನ ನೋಡಿ ಆರು ವರ್ಷ ಆದ್ಮೇಲೆ ಮತ್ತೆ ವಿಚಾರಿಸಿದ್ರು. ಒಬ್ರು ಇಂಥ ಸಣ್ಣಪುಟ್ಟ ಮಾತಿಗೆ ಕರೆದಾಗ ಇನ್ನೊಬ್ರು ತಿರುಗಿ ಸ್ಪಂದಿಸಿದ್ದು, ಜೊತೆಗೇ ಉಳಿದೋರಲ್ಲಿ 86% ಸಲ, ಬೇರೆ ಆದೋರಲ್ಲಿ 33% ಸಲ ಅಂತ ಅವರು ಹೇಳೋ ಲೆಕ್ಕ. ನಮ್ಮ ಕೊನೇ ವರ್ಷದ ಲೆಕ್ಕ ಹಾಕೋಕೆ ಹೋಗ್ಲಿಲ್ಲ, ಧೈರ್ಯ ಆಗ್ಲಿಲ್ಲ ಅನ್ನಿ.

ಮೂರನೇದು ಕೆಲವೇ ತಿಂಗಳು. ತುಂಬಾ ಅಂಟ್ಕೊಳ್ತಿದ್ಲಪ್ಪಾ ಅಂತ ಎಲ್ರ ಹತ್ರ ಹೇಳಿದೀನಿ. ಅವಳ ಮೆಸೇಜ್ ನೋಡಿದ್ರೆ "ಮನೆ ಸೇರಿದ್ಯಾ", "ನಾಳೆ ಸಿಗೋಣ್ವಾ", ಯಾರಾದ್ರೂ ಕೇಳೋ ಮಾತುಗಳೇ. ಇದರ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯೋಕೇನಿಲ್ಲ.

ಮಧ್ಯಾಹ್ನ ಆದ್ಮೇಲೆ ಈಗ ಎಲ್ಲರ ಬಾಯಲ್ಲೂ ಓಡಾಡ್ತಿರೋ ಆ ಅಟ್ಯಾಚ್‌ಮೆಂಟ್ ಸ್ಟೈಲ್ ಟೆಸ್ಟ್, ಅಂದ್ರೆ ಹತ್ತಿರದೋರ ಜೊತೆ ನಾವು ಹೆಂಗೆ ಇರ್ತೀವಿ ಅಂತ ಹೇಳೋ ಟೆಸ್ಟ್, ಹುಡುಕ್ದೆ. ರೀಲ್ಸಲ್ಲಿ ಅವ್ನು ಅವಾಯ್ಡೆಂಟು (ಹತ್ರ ಬಂದ್ರೆ ದೂರ ಸರಿಯೋನು), ಇವ್ಳು ಆಂಕ್ಷಿಯಸ್ಸು (ದಿಗಿಲಿನೋಳು) ಅಂತ ಹಣೆಗೆ ಚೀಟಿ ಅಂಟಿಸ್ತಾರಲ್ಲ ಅದೇ. ಜಾನ್ ಬೌಲ್ಬಿ ಅನ್ನೋ ಬ್ರಿಟಿಷ್ ಮನೋವೈದ್ಯರು ಮೂಲದಲ್ಲಿ ಹೇಳಿದ್ದು ತಾಯಿ ಮಗು ಸಂಬಂಧದ ಬಗ್ಗೆ, ದೊಡ್ಡೋರ ಪ್ರೀತಿಗೆ ಅದನ್ನ ತಂದಿದ್ದು ಹೇಜನ್ ಮತ್ತು ಶೇವರ್ ಅನ್ನೋ ಮನಃಶಾಸ್ತ್ರಜ್ಞರು, 1987ರಲ್ಲಿ. ಅವರ ಪ್ರಶ್ನೆ ಬಂದಿದ್ದು ಒಂದು ದಿನಪತ್ರಿಕೆಯಲ್ಲಿ, ಪ್ರೀತಿ ಕ್ವಿಜ್ ಅಂತ, ಅದರ ತಿರುಳು ಬರೀ ಮೂರು ಸಣ್ಣ ಪ್ಯಾರಾ. ಇನ್ನೊಬ್ರಿಗೆ ಹತ್ರ ಆಗೋದು ನಂಗೆ ಆರಾಮು ಅನ್ನೋದು ಒಂದು, ನಾನು ಬಯಸಿದಷ್ಟು ಅವರು ಹತ್ರ ಬರಲ್ಲ ಅನ್ನೋ ದಿಗಿಲು ಇನ್ನೊಂದು, ಯಾರಾದ್ರೂ ತೀರಾ ಹತ್ರ ಬಂದ್ರೆ ನಂಗೆ ಇರಿಸುಮುರಿಸು ಅನ್ನೋದು ಮತ್ತೊಂದು, ಇದ್ರಲ್ಲಿ ನೀವು ಯಾವುದು ಅಂತ ಟಿಕ್ ಮಾಡ್ಬೇಕು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಆರಾಮು ಅಂತ ಟಿಕ್ ಮಾಡಿದ್ರಂತೆ.

ನಂದು ಯಾವುದು ಅಂತ ಯೋಚನೆ ಮಾಡ್ತಾ ಕೂತಾಗ ಸಿಕ್ಕಿಹಾಕ್ಕೊಂಡೆ. ಕಾಲೇಜಿನೋಳನ್ನ ನೆನೆಸ್ಕೊಂಡ್ರೆ ದಿಗಿಲಿನ ಪ್ಯಾರಾ ನನ್ನ ನೋಡಿಯೇ ಬರೆದಂಗಿದೆ, ಅವಳು ಒಂದಿನ ಮೇಲ್ ಮಾಡ್ದಿದ್ರೆ ಲೋಕ ಮುಳುಗಿಹೋಗ್ತಿತ್ತು. ಆಫೀಸಿನೋಳ ಜೊತೆ ಇದ್ದ ನಾನು ಸಲೀಸಾಗಿ ಆರಾಮಿನ ಗುಂಪು. ಕೊನೆಯೋಳ ಜೊತೆ ಇರಿಸುಮುರಿಸು. ಮನುಷ್ಯ ಒಬ್ನೇ, ಟಿಕ್ ಮೂರು. ನಂಗೆ ಎಂಥೋಳು ಸರಿಹೋಗ್ತಾಳೆ ಅಂತ ಇಷ್ಟು ದಿನ ಆ್ಯಪಲ್ಲಿ ಪಟ್ಟಿ ಹಿಡ್ಕೊಂಡು ಹುಡುಕ್ತಿದ್ನಲ್ಲ, ಯಾರ ಪಕ್ಕ ಕೂತಾಗ ನಾನು ಎಂಥವನಾಗ್ತೀನಿ ಅನ್ನೋದನ್ನ ಯಾವತ್ತೂ ನೋಡೇ ಇರ್ಲಿಲ್ಲ. ಅದಕ್ಕಿಂತ ವಿಚಿತ್ರ ಏನಂದ್ರೆ, ಎಲ್ಲಿ ಆರಾಮಾಗಿದ್ನೋ ಅಲ್ಲೇ ಬೆಕ್ಕಿನ ಫೋಟೋಗೆ ಹೆಬ್ಬೆಟ್ಟು ಒತ್ತಿ ಸುಮ್ನಾಗಿದ್ದು. ದಿಗಿಲು ಇದ್ದ ಕಡೆ ಒಂದೊಂದು ಅಕ್ಷರಾನೂ ನಾಲ್ಕು ಸಲ ಓದ್ತಿದ್ದೆ.

ಸಂಜೆ ಆ ಆ್ಯಪಲ್ಲಿ ಪರಿಚಯ ಆದೋರಿಗೆ ಫೋನ್ ಮಾಡಿ ಇದೆಲ್ಲಾ ಹೇಳ್ದೆ, ಮಳೆ, ಬೆಕ್ಕು, ಮೂರು ಪ್ಯಾರಾ ಸಮೇತ. ಅವರು ಮಧ್ಯ ಬಾಯಿ ಹಾಕ್ದೇ ಕೇಳಿದ್ರು. ಆಮೇಲೆ "ನನ್ ಜೊತೆ ಯಾವ ಪ್ಯಾರಾ ನೀವು?" ಅಂದ್ರು. ಇನ್ನೂ ಮುಖಾಮುಖಿ ಭೇಟಿನೇ ಆಗಿಲ್ವಲ್ರೀ, ಈಗ್ಲೇ ಹೆಂಗೆ ಹೇಳ್ಲಿ ಅಂದೆ. "ನಂದು ಹೇಳ್ಬಿಡ್ತೀನಿ, ದಿಗಿಲಿಂದು. ರಿಪ್ಲೈ ಲೇಟಾದ್ರೆ ತಲೆ ಕೆಡುತ್ತೆ ನಂಗೆ, ಆಮೇಲೆ ಅಂಟ್ಕೊಳ್ತಾಳೆ ಅಂತ ಊರಿಗೆಲ್ಲಾ ಹೇಳ್ಬೇಡಿ" ಅಂದ್ರು. ಸರಿ, ಬಿಜಿ ಇದ್ರೆ ಬಿಜಿ ಅಂತಾದ್ರೂ ಒಂದು ಮೆಸೇಜ್ ಹಾಕ್ತೀನಿ ಅಂತ ಒಪ್ಕೊಂಡೆ. ಇಷ್ಟು ನೇರವಾಗಿ ಈ ವಿಷಯನ ಹಿಂದೆ ಯಾರ ಹತ್ರಾನೂ ಮಾತಾಡಿದ ನೆನಪಿಲ್ಲ, ನನ್ನ ನೆನಪನ್ನ ನೀವೂ ನಂಬೋಕೆ ಹೋಗ್ಬೇಡಿ. ಶನಿವಾರ ಸಿಗ್ತಿದೀವಿ.