ಕೈ ಎತ್ತಲು ಬಂತು, ರವಿಕೆ ಹಾಕಲು ಬರಲಿಲ್ಲ

ಅಮ್ಮನಿಗೆ ಸ್ಟ್ರೋಕ್ ಆಗಿ ಎಡಭಾಗ ಸ್ವಾಧೀನ ತಪ್ಪಿದಾಗ ಚಿಕ್ಕಮಗಳೂರಿನಲ್ಲಿ ಫಿಸಿಯೋಥೆರಪಿ ಶುರು ಮಾಡಿಸಿದೆವು. ಅದರಿಂದ ತುಂಬಾ ಅನುಕೂಲ ಆಯಿತು. ಮೂರು ತಿಂಗಳಲ್ಲಿ ಕೋಲು ಹಿಡಿದು ಅಂಗಳದವರೆಗೆ ನಡೆದಳು, ಕೈ ಭುಜದ ಮಟ್ಟಕ್ಕೆ ಏಳುತ್ತಿತ್ತು. ಆದರೂ ದಿನಾ ಬೆಳಿಗ್ಗೆ ಅಳುತ್ತಿದ್ದಳು. ರವಿಕೆ ಹಾಕಿಕೊಳ್ಳಲು ಅತ್ತಿಗೆಯನ್ನು ಕರೆಯಬೇಕಲ್ಲ ಎನ್ನುವುದೇ ಅವಳ ಸಂಕಟ.

ಆಕ್ಯುಪೇಷನಲ್ ಥೆರಪಿ ಅಂತ ಒಂದಿದೆ ಎಂದು ಡಿಸ್ಚಾರ್ಜ್ ಮಾಡುವಾಗ ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ. ಆಮೇಲೆ ಚಾರ್ಮಾಡಿ ಘಾಟಿ ಇಳಿದು ಮಣಿಪಾಲಕ್ಕೆ ಹೋದಾಗಲೇ ಗೊತ್ತಾಗಿದ್ದು. "ಈ ವಯಸ್ಸಲ್ಲಿ ಅಮ್ಮನಿಗೆ ಯಾವ ಉದ್ಯೋಗ?" ಅಂದ ಅಣ್ಣ. ಅವನದೇನೂ ತಪ್ಪಿಲ್ಲ, ಹೆಸರೇ ಹಾಗಿದೆ. ಇಲ್ಲಿ ಆಕ್ಯುಪೇಷನ್ ಅಂದರೆ ಸಂಬಳದ ಕೆಲಸವಷ್ಟೇ ಅಲ್ಲ. ಸ್ನಾನ, ಊಟ, ಬಟ್ಟೆ, ಅಡುಗೆ, ಪೂಜೆಗೆ ಹೂ ಕೊಯ್ಯುವುದು, ಮಕ್ಕಳಿಗಾದರೆ ಆಟ, ಬರವಣಿಗೆ, ಎಲ್ಲವೂ ಅದರಲ್ಲೇ ಬರುತ್ತದೆ. ಇಂಥ ದಿನದ ಕೆಲಸಗಳನ್ನು ಆದಷ್ಟು ತಾವೇ ಮಾಡಿಕೊಳ್ಳಲು ಕಲಿಸುವುದೇ ಈ ಥೆರಪಿ.

ಆ ಥೆರಪಿಸ್ಟ್ ಮೊದಲು ಕೇಳಿದ್ದು, "ಅಮ್ಮಾ, ಮುಂಚೆ ಬೆಳಿಗ್ಗೆ ಎದ್ದು ಏನೇನು ಮಾಡ್ತಿದ್ರಿ?" ಎಂದು. ಅಷ್ಟು ತಿಂಗಳಲ್ಲಿ ಅವಳನ್ನು ಯಾರೂ, ನಾವೂ ಸಹ, ಇದನ್ನು ಕೇಳಿರಲಿಲ್ಲ. "ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ" ಅಂದಳು.

ರವಿಕೆಗೆ ಉಪಾಯ ಸರಳ. ಬಲವಿಲ್ಲದ ಕೈಯನ್ನು ಮೊದಲು ತೋಳಿಗೆ ತೂರಿಸಬೇಕು, ಬಿಚ್ಚುವಾಗ ಆ ಕೈ ಕೊನೆಗೆ. ಹುಕ್ಕಿನ ಜಾಗಕ್ಕೆ ವೆಲ್ಕ್ರೋ ಹೊಲಿಸಿದೆವು. ರೊಟ್ಟಿಗೆ ಮಣೆಯ ಕೆಳಗೆ ಒದ್ದೆ ಬಟ್ಟೆ, ಜಾರಬಾರದು ಅಂತ. ಎಡಗೈಯನ್ನು ಸುಮ್ನೆ ಮಡಿಲಲ್ಲಿ ಬಿಡದೆ ಬಾಳೆಲೆಯ ಅಂಚಿನ ಮೇಲೆ ಇಟ್ಟು ಅದರ ಭಾರದಿಂದಲೇ ಎಲೆ ಹಿಡಿಯಬೇಕು, ಬಲಗೈಯಲ್ಲಿ ತಟ್ಟಬೇಕು, ಹಾಗೆ ಮಾಡುತ್ತಾ ಆ ಕೈಯೂ ಕೆಲಸಕ್ಕೆ ಬರುತ್ತದೆ. ಆ ಕೈಗೆ ಬಿಸಿ ತಿಳಿಯುವುದು ಕಮ್ಮಿ, ಹಾಗಾಗಿ ಹೆಂಚಿಗೆ ಹಾಕುವುದು ಅತ್ತಿಗೆ.

ಇದು ಯಾರೋ ಅನುಭವದಿಂದ ಹೇಳುವ ಮನೆಮದ್ದಲ್ಲ, ಓದಿ ಕಲಿಯುವ ವೃತ್ತಿ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ 1950ರಲ್ಲೇ ಇದರ ಶಾಲೆ ಶುರು ಮಾಡಿದ್ದರು. 2021ರ ಆರೋಗ್ಯ ವೃತ್ತಿಗಳ ಕಾನೂನಿನಲ್ಲಿ ಫಿಸಿಯೋಥೆರಪಿ ಬೇರೆ, ಇದು ಬೇರೆ. ಆದರೂ ನಮ್ಮ ಕಡೆ ಎರಡೂ ಒಂದೇ ಅಂದುಕೊಂಡವರೇ ಜಾಸ್ತಿ, ಅಲ್ವಾ?

ನಿಮ್ಮ ಮನೆಯವರಿಗೆ ಸ್ಟ್ರೋಕ್ ಆಗಿದ್ದರೆ, ಕೈಗೆ ದೊಡ್ಡ ಪೆಟ್ಟಾಗಿದ್ದರೆ, ಮಗುವಿಗೆ ಗುಂಡಿ ಹಾಕಲು, ಪೆನ್ಸಿಲ್ ಹಿಡಿಯಲು ಕಷ್ಟವಾಗುತ್ತಿದ್ದರೆ ಡಾಕ್ಟರ ಹತ್ತಿರ ಇದರ ಹೆಸರು ಹಿಡಿದೇ ಕೇಳಿ. ನಾವು ಕೇಳಲು ಗೊತ್ತಿಲ್ಲದೆ ನಾಲ್ಕು ತಿಂಗಳು ಕಳೆದೆವು. ಈ ವಾರ ಬಚ್ಚಲುಮನೆಗೆ ಹಿಡಿಕೆ ಹಾಕಿಸುತ್ತಿದ್ದೇವೆ. ಯಾವ ಎತ್ತರಕ್ಕೆ ಬೇಕು ಅಂತ ಅಮ್ಮನೇ ಬಲಗೈಯಲ್ಲಿ ಗೋಡೆ ಮುಟ್ಟಿ ತೋರಿಸಿದ್ದಾಳೆ.