388 ವಿಧಿಗಳಿಗೆ ಒಂದೇ ಗೆರೆ

ಚಿಲಿಯಲ್ಲಿ ಐದು ವರ್ಷಕ್ಕೂ ಹೆಚ್ಚು ಕಾಲ ನೆಲೆಸಿದ ಹೊರದೇಶದವರಿಗೂ 2022ರಲ್ಲಿ ಮತದಾನದ ಹಕ್ಕಿತ್ತು ಎಂದರೆ ಊರಿನಲ್ಲಿ ಯಾರೂ ತಕ್ಷಣಕ್ಕೆ ನಂಬುವುದಿಲ್ಲ. ನಾನು ಸಾಂತಿಯಾಗೊಗೆ ಬಂದ ಏಳನೆಯ ವರ್ಷ, 2022ರ ಸೆಪ್ಟೆಂಬರ್ 4ರ ಭಾನುವಾರ, ಈ ದೇಶಕ್ಕೆ ಹೊಸ ಸಂವಿಧಾನ ಬೇಕೇ ಬೇಡವೇ ಎಂಬುದಕ್ಕೆ ಮತ ಹಾಕಿ ಬಂದೆ. ನಮ್ಮ ಸಂವಿಧಾನವನ್ನು 1949ರಲ್ಲಿ ಸಂವಿಧಾನ ಸಭೆಯೇ ಅಂಗೀಕರಿಸಿತ್ತು, ಅದನ್ನು ಜನಮತಕ್ಕೆ ಇಟ್ಟಿರಲಿಲ್ಲ. ಹಾಗಾಗಿ ಇಂಥದೊಂದು ಪ್ರಶ್ನೆ ನನ್ನ ಮುಂದೆ ಬರಬಹುದೆಂದು ನಾನೆಂದೂ ಎಣಿಸಿರಲಿಲ್ಲ.

ಇಲ್ಲಿ ಜಾರಿಯಲ್ಲಿರುವುದು ಸೇನಾ ಸರ್ವಾಧಿಕಾರಿ ಪಿನೊಚೆಟ್ ಆಳ್ವಿಕೆಯ 1980ರ ಸಂವಿಧಾನ. ಆಮೇಲೆ ಅದಕ್ಕೆ ಹಲವು ತಿದ್ದುಪಡಿಗಳಾಗಿವೆ. 2019ರ ಅಕ್ಟೋಬರ್‌ನಲ್ಲಿ ಮೆಟ್ರೊ ದರ 30 ಪೆಸೊ ಏರಿದ್ದೇ ನೆಪವಾಗಿ ಜನ ಬೀದಿಗಿಳಿದರು, ಮರುವರ್ಷ ಶೇ. 78ರಷ್ಟು ಮತದಾರರು ಹೊಸದೇ ಬೇಕೆಂದರು. ನಂತರ ಆಯ್ಕೆಯಾದ 155 ಸದಸ್ಯರ ಸಭೆ, ಮೂಲನಿವಾಸಿಗಳಿಗೆ 17 ಸ್ಥಾನ ಮೀಸಲಿಟ್ಟುಕೊಂಡು, ಒಂದು ವರ್ಷ ಕುಳಿತು 388 ವಿಧಿಗಳ ಕರಡು ಬರೆಯಿತು. ಅದು ತೀರಾ ಉದ್ದವಾಯಿತೆಂದು ಸಹೋದ್ಯೋಗಿಗಳು ಗೊಣಗಿದಾಗ, 395 ವಿಧಿಗಳೊಂದಿಗೆ ಜಾರಿಗೆ ಬಂದ ಸಂವಿಧಾನದ ನಾಡಿನವನಾದ ನನಗೆ ಒಳಗೊಳಗೇ ನಗು ಬರುತ್ತಿತ್ತು.

ಮತದಾನಕ್ಕೆ ಮುಂಚಿನ ಎರಡು ತಿಂಗಳು ಆ ಕರಡಿನ ಪುಸ್ತಕ ಪಾದಚಾರಿ ಮಾರ್ಗಗಳಲ್ಲಿ ಕಾಲುಚೀಲ, ಇಯರ್‌ಫೋನ್‌ಗಳ ಪಕ್ಕದಲ್ಲೇ ಮಾರಾಟಕ್ಕಿತ್ತು. ಕೆಳಮನೆಯ ನಿವೃತ್ತ ಶಿಕ್ಷಕಿ ಅದನ್ನು ಪೆನ್ಸಿಲ್ ಹಿಡಿದು ಓದಿ, ನೀರಿನ ವಿಧಿಗಳಿರುವ ಪುಟಕ್ಕೆ ಒಂದು ನೂಲನ್ನು ಇಟ್ಟಿದ್ದರು. ಇಲ್ಲಿ ನೀರಿನ ಬಳಕೆಯ ಹಕ್ಕು ಆಸ್ತಿಯಂತೆ ಕೊಳ್ಳುವ, ಮಾರುವ ವಸ್ತು. ಅವರ ತಂಗಿ ಇರುವ ಪೆತೋರ್ಕಾದಲ್ಲಿ ಆವಕಾಡೊ ತೋಟಗಳು ಹಸಿರಾಗಿದ್ದರೆ ಮನೆಗಳಿಗೆ ನೀರು ಟ್ಯಾಂಕರಿನಲ್ಲಿ ಬರುತ್ತದೆ. ನೀರು ಯಾರ ಸ್ವತ್ತೂ ಆಗಲಾರದು ಎಂದು ಕರಡು ಹೇಳುತ್ತಿತ್ತು. ಅಂಥ ಪೆತೋರ್ಕಾವೂ ಕೊನೆಗೆ ಕರಡನ್ನು ತಿರಸ್ಕರಿಸಿತು.

ಏಕೆಂದರೆ ಜಗಳ ನಡೆದದ್ದೇ ಬೇರೆ ಕಡೆ. ಚಿಲಿಯನ್ನು ಕರಡು ‘ಪ್ಲುರಿನಾಸಿಯೊನಾಲ್’ ಎಂದು ಕರೆದಿತ್ತು. ಕನ್ನಡದಲ್ಲಿ ‘ಬಹುರಾಷ್ಟ್ರೀಯ’ ಎಂದರೆ ನಮಗೆ ಕಂಪನಿಗಳೇ ನೆನಪಾಗುತ್ತವೆ, ಆದರೆ ಇಲ್ಲಿ ಅದರರ್ಥ ಮಾಪುಚೆ ಮೊದಲಾದ ಮೂಲನಿವಾಸಿ ಜನಾಂಗಗಳು ಒಂದೇ ಪ್ರಭುತ್ವದೊಳಗಿನ ಬೇರೆ ಬೇರೆ ರಾಷ್ಟ್ರಗಳು, ಅವರಿಗೆ ತಮ್ಮದೇ ನ್ಯಾಯವ್ಯವಸ್ಥೆಯೂ ಇರುತ್ತದೆ ಎಂದು. ಒಂದೇ ನೆಲದಲ್ಲಿ ಎರಡು ಕಾನೂನೇ ಎಂದು ಕೇಳಿದವರೆಲ್ಲ ಜನಾಂಗದ್ವೇಷಿಗಳೆಂದು ನನಗನಿಸಲಿಲ್ಲ. ಉತ್ತರಿಸಬೇಕಾದವರು ಸಮಾಧಾನದಿಂದ ಉತ್ತರಿಸಲಿಲ್ಲ. ಇನ್ನು ಸ್ವಂತ ಮನೆ ಸರ್ಕಾರದ ಪಾಲಾಗುತ್ತದೆಂಬ ಗಾಳಿಸುದ್ದಿ, ಆಸ್ತಿಯ ಹಕ್ಕನ್ನು ಪಠ್ಯದಲ್ಲೇ ಬರೆದಿದ್ದರೂ, ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಲೇ ಇತ್ತು.

ನಾನು ‘ಅಪ್ರುಯೆಬೊ’, ಅಂದರೆ ಒಪ್ಪುತ್ತೇನೆ ಎಂಬುದರ ಮುಂದೆ ಗೆರೆ ಎಳೆದೆ. ಮತ ಎಣಿಕೆಯನ್ನು ಯಾರು ಬೇಕಾದರೂ ನೋಡಬಹುದಾದ್ದರಿಂದ ಸಂಜೆ ಮತಗಟ್ಟೆಗೆ ಮರಳಿದೆ. ಅಲ್ಲಿ ಒಬ್ಬ ಹುಡುಗಿ ಪ್ರತಿ ಚೀಟಿಯನ್ನೂ ಬಿಡಿಸಿ, ಎತ್ತಿ ತೋರಿಸಿ, ಗಟ್ಟಿಯಾಗಿ ಓದುತ್ತಿದ್ದಳು: ರೆಚಾಸೊ (ತಿರಸ್ಕರಿಸುತ್ತೇನೆ), ರೆಚಾಸೊ, ಅಪ್ರುಯೆಬೊ, ರೆಚಾಸೊ. ಹತ್ತು ನಿಮಿಷದಲ್ಲೇ ಫಲಿತಾಂಶ ಅರ್ಥವಾಗಿತ್ತು. ಮತದಾನ ಕಡ್ಡಾಯವಾಗಿದ್ದ ಆ ದಿನ ಶೇ. 62ರಷ್ಟು ಮತಗಳು ಬೇಡವೆಂದವು, 16 ಪ್ರಾಂತ್ಯಗಳಲ್ಲಿ ಒಂದೂ ಒಪ್ಪಲಿಲ್ಲ.

ಮರುವರ್ಷ ಬಲಪಂಥೀಯರ ಬಹುಮತವಿದ್ದ ಇನ್ನೊಂದು ಸಭೆ ಬರೆದ ಕರಡೂ ಡಿಸೆಂಬರ್ 17ರಂದು ಬಿದ್ದುಹೋಯಿತು, 1980ರದೇ ಮುಂದುವರಿದಿದೆ. ಆ ಎರಡನೆಯ ಪುಸ್ತಕವನ್ನು ಕೆಳಮನೆಯ ಶಿಕ್ಷಕಿ ಕೊಳ್ಳಲೇ ಇಲ್ಲ.