ಹಳೇ ಕರಾತ್ಸು ಬಟ್ಟಲು: ಪೆಟ್ಟಿಗೆ ಹೇಳೋದೊಂದು, ಬೆಸುಗೆ ಹೇಳೋದೊಂದು

ಪೆಟ್ಟಿಗೆಯ ಮುಚ್ಚಳದ ಮೇಲೆ ಮಸಿಯಲ್ಲಿ 'ಹಾಗಿ ಚಹಾ ಬಟ್ಟಲು' ಎಂದು ಬರೆದಿದೆ. ಒಳಗಿರುವುದು ಕರಾತ್ಸು! ಎರಡೂ ಜಪಾನಿನಲ್ಲಿ ಮಣ್ಣಿನ ಪಾತ್ರೆಗೆ ಹೆಸರಾದ ಊರುಗಳು, ಪಾತ್ರೆಗೂ ಊರಿನದೇ ಹೆಸರು. ಹಾಗಿ ಇರುವುದು ಹೊನ್ಶು ದ್ವೀಪದ ಪಶ್ಚಿಮದ ಕೊನೆಯಲ್ಲಿ, ಕರಾತ್ಸು ಸಮುದ್ರ ದಾಟಿ ಕ್ಯೂಶುವಿನಲ್ಲಿ. ಬಟ್ಟಲಿನ ಹೊರಮೈಯಲ್ಲಿ ಕಬ್ಬಿಣದ ಬಣ್ಣದಲ್ಲಿ ಎಳೆದ ಹುಲ್ಲಿನ ಚಿತ್ರವಿದೆ. ಕರಾತ್ಸುವಿನವರು ಇಷ್ಟಪಟ್ಟು ಬರೆಯುತ್ತಿದ್ದ ಚಿತ್ರ ಅದು. ಸಾಲದ್ದಕ್ಕೆ, ಪೆಟ್ಟಿಗೆಯಲ್ಲಿಟ್ಟರೆ ಸುತ್ತ ಬೆರಳು ತೂರುವಷ್ಟು ಜಾಗ ಉಳಿದು ಬಟ್ಟಲು ಅಲ್ಲಾಡುತ್ತದೆ.

ಕ್ಯೋಟೋದ ತೋಜಿ ದೇವಸ್ಥಾನದಲ್ಲಿ ಪ್ರತಿ ತಿಂಗಳು 21ಕ್ಕೆ ಸೇರುವ ಸಂತೆಯಲ್ಲಿ ಇದನ್ನು ಕೊಂಡೆ. ಹಳೇ ಸಾಮಾನಿನ ವ್ಯಾಪಾರದಲ್ಲಿ ಇಂಥ ಜೋಡಿ ಮಾಮೂಲು. ಒಂದು ಕಡೆ ಬಟ್ಟಲು ಕಳೆದುಕೊಂಡ ಪೆಟ್ಟಿಗೆ, ಇನ್ನೊಂದು ಕಡೆ ಪೆಟ್ಟಿಗೆ ಇಲ್ಲದ ಬಟ್ಟಲು. ಯಾರೋ ಎರಡಕ್ಕೂ ಮದುವೆ ಮಾಡಿಸಿರುತ್ತಾರೆ. ಹಾಗಾಗಿ ಪೆಟ್ಟಿಗೆಯ ಬರಹವನ್ನು ನಂಬಿ ಹಿಂದಿನ ಒಡೆಯರನ್ನು ಹುಡುಕುವುದನ್ನು ಬಿಟ್ಟೆ. ಬಟ್ಟಲಿನ ಮೇಲಿರುವ ಬೆಸುಗೆಯನ್ನಾದರೆ, ಅಂದರೆ ಒಡೆದ ಕಡೆ ಹಿಂದಿನವರು ಮಾಡಿಸಿದ ರಿಪೇರಿಯನ್ನಾದರೆ, ಯಾರೂ ಬದಲಾಯಿಸಿ ಇಡಲಾರರು, ಅಲ್ವಾ? ಈಗ ಅದನ್ನೇ ಓದುತ್ತಿದ್ದೇನೆ.

ಭೂತಗನ್ನಡಿ ಹಿಡಿದರೆ ಎರಡು ಕೈಗಳ ಕೆಲಸ ಕಾಣುತ್ತದೆ. ಅಂಚಿನ ಒಂದು ಚಕ್ಕೆಗೆ ಬಂಗಾರದ ಪುಡಿ ಹಾಕಿದ್ದಾರೆ. ಅದು ಒಂದು ಕಡೆ ಸವೆದು ಕೆಳಗಿನ ಕೆಂಪು ಪದರ ಇಣುಕುತ್ತಿದೆ. ಸವೆದಿರುವುದು ಚಿತ್ರಕ್ಕೆ ಸರಿಯಾಗಿ ಎದುರಿನ ಅಂಚಿನಲ್ಲಿ. ಚಹಾ ಕುಡಿಯುವಾಗ ಬಟ್ಟಲಿನ ಮುಂಭಾಗಕ್ಕೆ ಬಾಯಿ ತಾಗಿಸದೆ ತಿರುಗಿಸಿ ಕುಡಿಯುತ್ತಾರಲ್ಲ, ತುಟಿ ತಾಗುವ ಜಾಗ ಅದೇ. ಅಂದರೆ ರಿಪೇರಿ ಆದಮೇಲೂ ಯಾರೋ ಇದರಲ್ಲಿ ಚೆನ್ನಾಗಿ ಚಹಾ ಕುಡಿದಿದ್ದಾರೆ, ಸುಮ್ನೆ ಶೋಕೇಸಿನಲ್ಲಿ ಇಟ್ಟಿಲ್ಲ. ಎರಡನೆಯದು ಬೆಳ್ಳಿಯ ಗೆರೆ. ಪೂರ್ತಿ ಕಪ್ಪಾಗಿದೆ. ಅದು ಬಂಗಾರದ ಮೇಲೆ ಹಾದುಹೋಗುತ್ತದೆ, ಹಾಗಾಗಿ ಆಮೇಲೆ ಬಂದದ್ದು.

ಬಿಟ್ಟುಕೊಂಡಿರುವುದು ಈ ಬೆಳ್ಳಿಯ ಗೆರೆಯೇ. ಹಳೇ ಅಂಟನ್ನು ಕೆರೆದು ತೆಗೆದು, ಗೋಧಿ ಹಿಟ್ಟಿಗೆ ನೀರು ಮತ್ತು ಹಸಿ ಉರುಶಿ ಕಲಸಿ ಅಂಟಿಸಿದ್ದಾಯಿತು. ಉರುಶಿ ಅಂದರೆ ಮರದ ಸೊನೆ. ಆ ಮರ ನಮ್ಮ ಮಾವು, ಗೇರುಗಳ ಕುಟುಂಬದ್ದೇ. ಮಾವಿನ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ ಕೈಗವಸು ಯಾಕೆ ಅಂತ ಹೇಳಬೇಕಿಲ್ಲ. ಇದು ಬಿಸಿಲಿಗೆ ಒಣಗುವ ಅಂಟಲ್ಲ. ಗಟ್ಟಿಯಾಗಲು ತೇವ ಬೇಕು, ಗಾಳಿಯಲ್ಲಿ ಶೇಕಡಾ 70ರಿಂದ 85ರಷ್ಟು. ರಟ್ಟಿನ ಡಬ್ಬದೊಳಗೆ ಒದ್ದೆ ಬಟ್ಟೆ ಹಾಸಿ ಇಟ್ಟಿದ್ದೇನೆ.

ಕಾಯುವ ಹೊತ್ತಿನಲ್ಲಿ ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದ 'ಬಕೋಹನ್' ಬಟ್ಟಲಿನ ಕಥೆ ಓದಿದೆ. ಚೀನಾದ ಲೊಂಗ್‌ಚುವಾನ್‌ನ ತಿಳಿಹಸಿರು ಬಟ್ಟಲು ಅದು. 1727ರಲ್ಲಿ ಇತೋ ತೋಗಾಯ್ ಎಂಬ ವಿದ್ವಾಂಸ ಬರೆದಿಟ್ಟ ಪ್ರಕಾರ, 12ನೇ ಶತಮಾನದಲ್ಲಿ ತೈರಾ ನೊ ಶಿಗೆಮೊರಿ ಎಂಬ ಜಪಾನಿ ಸರದಾರನಿಗೆ ಚೀನಾದಿಂದ ಬಂದ ಉಡುಗೊರೆ. ಆಮೇಲೆ ಶೋಗನ್, ಅಂದರೆ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ, ಅಶಿಕಾಗ ಯೋಶಿಮಾಸನ ಕೈಗೆ ಬಂದಾಗ ಬಿರುಕು ಬಿಟ್ಟಿತ್ತು. ಇಂಥದ್ದೇ ಇನ್ನೊಂದು ಕೊಡಿ ಎಂದು ಚೀನಾಕ್ಕೆ ಕಳಿಸಿದರೆ, ಅಷ್ಟು ಚೆಂದದ್ದು ಈಗ ಸಿಗುವುದಿಲ್ಲ ಎಂದು ಕಬ್ಬಿಣದ ಕೊಂಡಿ ಹಾಕಿ ವಾಪಸ್ ಕಳಿಸಿದರಂತೆ. ಮುಂದೆ ಸುಮಿನೊಕುರ ಮನೆತನ, ಮಿತ್ಸುಯಿ ಮನೆತನ, ಕೊನೆಗೆ ಸಂಗ್ರಹಾಲಯಕ್ಕೆ ದಾನ.

ತಮಾಷೆ ಏನೆಂದರೆ, ಸಂಗ್ರಹಾಲಯ ಆ ಬಟ್ಟಲನ್ನು 13ನೇ ಶತಮಾನದ್ದು ಎನ್ನುತ್ತದೆ. ಶಿಗೆಮೊರಿ ತೀರಿಕೊಂಡದ್ದು 1179ರಲ್ಲಿ! ಕಾಗದದ ಮೊದಲ ಪುಟವೇ ಅಲುಗಾಡುತ್ತಿದೆ, ಕೊಂಡಿಗಳು ಮಾತ್ರ ಗಟ್ಟಿಯಾಗಿ ಕೂತಿವೆ. ನನಗೆ ಇದರಿಂದ ಸ್ವಲ್ಪ ಧೈರ್ಯ ಬಂತು.

ಬಂಗಾರ ಹಾಕಿ ಹೊಳೆಯಿಸು ಅಂತ ಸ್ನೇಹಿತರ ಒತ್ತಾಯ. ನನಗೆ ಮನಸ್ಸಿಲ್ಲ. ಹೊಸ ಬಂಗಾರ ಹಾಕಿದರೆ ಮೊದಲಿನ ಕೈ ಯಾವುದು, ನನ್ನದು ಯಾವುದು ಗೊತ್ತಾಗುವುದಿಲ್ಲ. ಉಳಿದ ಬೆಳ್ಳಿಯನ್ನು ಹಾಗೇ ಬಿಟ್ಟು, ಬಿಟ್ಟುಕೊಂಡ ಕಡೆ ಬರೀ ಕಪ್ಪು ಉರುಶಿ ಬಳಿಯುತ್ತೇನೆ. ಅದಕ್ಕೂ ಮುಂಚೆ ನುಣ್ಣನೆ ಮಣ್ಣಿನ ಪುಡಿಯನ್ನು ಉರುಶಿಯಲ್ಲಿ ಕಲಸಿ ಸಂದು ತುಂಬಬೇಕು, ಒಣಗಿದ ಮೇಲೆ ಉಜ್ಜಬೇಕು. ಜೂನ್ ಬಂದರೆ ಇಲ್ಲಿ ಮಳೆಗಾಲ. ಆಗ ಒದ್ದೆ ಬಟ್ಟೆಯ ಕೆಲಸವೂ ಇರುವುದಿಲ್ಲ.